ಗೊತ್ತಿದ್ದೂ ಒಟ್ಟಿಗೆ ಉಣ್ಣುವುದು



ಧಮ್ಮ ಬಂಧುಗಳೇ, ಇಂದಿನ ಚಿಂತನೆಗೆ ಒಂದು ಪ್ರಶ್ನೆ: ಹೋಟೆಲಿನ ಒಂದೇ ಮೇಜಿನಲ್ಲಿ ಕುಳಿತು ಉಂಡರೆ ಅದು ಸಮಾನತೆಯೇ?

ನಾನು ಮತ್ತು ನನ್ನ ಗಂಡ ತಿಂಗಳಿಗೆ ಎರಡು ಮೂರು ಸಲ ಹೊರಗೆ ತಿನ್ನುತ್ತೇವೆ. ದೊಡ್ಡ ಜಾಗಗಳೇನಲ್ಲ. ಪುತ್ತೂರಿಗೆ ಸಾಮಾನು ತರಲು ಹೋದ ದಿನ ಬನ್ಸ್, ಚಾ. ಸುಳ್ಯದಲ್ಲಿ ಕೆಲಸವಿದ್ದರೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಕಡಬದ ಕಡೆ ಹೋದರೆ ಪರೋಟ. ಊಟದ ಹೊತ್ತಿಗೆ ಹೋದರೆ ಮೇಜು ಖಾಲಿ ಇರುವುದಿಲ್ಲ, ಯಾರದೋ ಎದುರು ಕೂರಬೇಕು. ಅಡಿಕೆ ಮಾರಲು ಬಂದವರು, ರಬ್ಬರ್ ಟ್ಯಾಪಿಂಗ್ ಮುಗಿಸಿ ಬಂದವರು, 1964ರ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಸುಳ್ಯದ ರಬ್ಬರ್ ತೋಟಗಳಲ್ಲಿ ನೆಲೆ ನಿಂತ ತಮಿಳು ಕುಟುಂಬದವರು, ಕಾಲೇಜಿನ ಮಕ್ಕಳು. "ಉಪ್ಪು ಸ್ವಲ್ಪ ಈಚೆ ಕೊಡಿ" ಎಂದರೆ ಕೊಡುತ್ತಾರೆ. ಯಾರು ಏನು ಎಂದು ಯಾರೂ ಕೇಳುವುದಿಲ್ಲ.

ಇದು ಸಣ್ಣ ಸಂಗತಿ ಅಂತ ಹೇಳಲಾರೆ. ನನ್ನ ಅಜ್ಜ ಹೋಟೆಲಿನ ಹಿಂದಿನ ಅಂಗಳದಲ್ಲಿ ನಿಂತು ಗೆರಟೆಯಲ್ಲಿ ಚಾ ಕುಡಿದವರು. ದುಡ್ಡು ಎಲ್ಲರಷ್ಟೇ ಕೊಡಬೇಕಿತ್ತು. ಆ ಅಂಗಳದಿಂದ ಈ ಬೆಂಚಿಗೆ ನಾವು ಯಾರ ದಯೆಯಿಂದಲೂ ಬಂದದ್ದಲ್ಲ. ಅಂಗಡಿ, ಹೋಟೆಲಿಗೆ ಹೋಗುವುದನ್ನು ಜಾತಿಯ ಕಾರಣಕ್ಕೆ ತಡೆಯಬಾರದು ಎಂದು ಸಂವಿಧಾನದ 15ನೇ ವಿಧಿ ಹೇಳಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆ ಇನ್ನೂ ಮುಂದೆ ಹೋಯಿತು. ಹೋಟೆಲಿನಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಯನ್ನು ಬಳಸಲು ಬಿಡದಿರುವುದೂ ಅಪರಾಧವಾಯಿತು. ಒಂದು ಲೋಟಕ್ಕಾಗಿ ಒಂದು ದೇಶ ಕಾನೂನು ಬರೆಯಬೇಕಾಯಿತು. ಹಾಗಾಗಿ ಬಾಬಾಸಾಹೇಬರ ಮಕ್ಕಳು ಸ್ಟೀಲಿನ ಲೋಟದಲ್ಲಿ ಚಾ ಕುಡಿಯುವಾಗ ಅದರ ಬೆಲೆ ಬರೇ ಹತ್ತೋ ಹದಿನೈದೋ ರೂಪಾಯಿ ಅಲ್ಲ.

ಈಗ ಪ್ರಶ್ನೆಯ ಇನ್ನೊಂದು ಬದಿ. ನಮ್ಮದು ಅಂತರ್ಜಾತಿ ಮದುವೆ. ನನ್ನ ಅತ್ತೆ, ಮಾವ ನಮ್ಮ ಮನೆಗೆ ಬರುತ್ತಾರೆ, ಜಗಲಿಯಲ್ಲಿ ಕೂರುತ್ತಾರೆ, ಮಾತಾಡುತ್ತಾರೆ. ನೀರು ತಂದಿಟ್ಟರೆ "ಈಗಷ್ಟೇ ಕುಡಿದದ್ದು" ಎನ್ನುತ್ತಾರೆ. ಊಟಕ್ಕೆ ಕರೆದರೆ "ಇವತ್ತು ಒಪ್ಪತ್ತು." ವರ್ಷದಲ್ಲಿ ಎಷ್ಟು ಒಪ್ಪತ್ತು ಇರುತ್ತದೆ ಎಂದು ನಾನು ಲೆಕ್ಕ ಇಟ್ಟಿಲ್ಲ. ಆದರೆ ಅವರೇ ಪುತ್ತೂರಿಗೆ ಡಾಕ್ಟರಿಗೆ ತೋರಿಸಲು ಬಂದ ದಿನ ನಾಲ್ವರೂ ಒಟ್ಟಿಗೆ ಹೋಟೆಲಿಗೆ ಹೋಗುತ್ತೇವೆ. ಅಲ್ಲಿ ಅತ್ತೆ ತಮ್ಮ ತಟ್ಟೆಯ ಮೀನಿನ ತುಂಡನ್ನು ನನ್ನ ತಟ್ಟೆಗೆ ಹಾಕುತ್ತಾರೆ. "ನೀನು ತಿನ್ನು ಮಾರಾಯ್ತಿ, ನಂಗೆ ಸಾಕು" ಎನ್ನುತ್ತಾರೆ. ಆ ಪ್ರೀತಿ ಸುಳ್ಳಲ್ಲ. ಹೋಟೆಲಿನ ಒಳಗೆ ಮೀನು ಕೊಯ್ದವರು ಯಾರು, ಮಸಾಲೆ ಅರೆದವರು ಯಾರು ಎಂದು ಅವರು ಕೇಳುವುದೂ ಇಲ್ಲ. ನನ್ನ ಅಡುಗೆಮನೆಯಲ್ಲಿ ಮಾತ್ರ ಮಾಡಿದವಳು ಯಾರೆಂದು ಅವರಿಗೆ ಗೊತ್ತಿದೆ.

ಇಲ್ಲೇ ವಿಷಯ ಇರುವುದು. ಹೋಟೆಲಿನ ಸಮಾನತೆ ಗೊತ್ತಿಲ್ಲದಿರುವುದರ ಮೇಲೆ ನಿಂತಿದೆ. ಎದುರು ಕೂತವನ ಜಾತಿ ಗೊತ್ತಿಲ್ಲ, ಒಲೆಯ ಮುಂದೆ ನಿಂತವನ ಜಾತಿ ಗೊತ್ತಿಲ್ಲ, ಬಿಲ್ಲು ಕೊಟ್ಟರೆ ಸಂಬಂಧ ಮುಗಿಯಿತು. ಎಲ್ಲರಿಗೂ ಎಲ್ಲರ ಜಾತಿ ಗೊತ್ತಿರುವ ಕಡೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ಸಮಯ ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಜನ ಉರುಳುತ್ತಿದ್ದರು. ಆ ಮಡೆಸ್ನಾನಕ್ಕೆ ಸುಪ್ರೀಂ ಕೋರ್ಟು 2014ರಲ್ಲಿ ತಡೆ ಕೊಟ್ಟಿತು. ಇಂಥ ಆಚರಣೆಯನ್ನು ಅಪರಾಧ ಎಂದದ್ದು ರಾಜ್ಯದ 2017ರ ಕಾಯ್ದೆ. ಉರುಳಿದವರಲ್ಲಿ ಹೋಟೆಲಿನ ಬೆಂಚಿನಲ್ಲಿ ಎಲ್ಲರ ಪಕ್ಕ ಕೂತು ಚಾ ಕುಡಿಯುವವರೂ ಇದ್ದಿರಬೇಕು. ಬೆಂಚು ಬದಲಾಯಿತು, ಎಲೆ ಬದಲಾಗಲು ಕಾನೂನೇ ಬೇಕಾಯಿತು.

ಬಾಬಾಸಾಹೇಬರು ಇದನ್ನು 1936ರಲ್ಲೇ ಕಂಡಿದ್ದರು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಸಭೆ ರದ್ದು ಮಾಡಿದ್ದರಿಂದ ಅವರು ಮಾಡಲಾಗದೇ ಹೋದ ಭಾಷಣ 'ಜಾತಿ ವಿನಾಶ'. ಅದರಲ್ಲಿ ಅವರು ಹೇಳುವುದು ಇಷ್ಟು: ಸಹಭೋಜನಕ್ಕೆ ಅಡ್ಡಿ ಇಲ್ಲದ ಜಾತಿಗಳು ಬಹಳ ಇವೆ, ಆದರೂ ಜಾತಿಯ ಭಾವನೆ ಸತ್ತಿಲ್ಲ. ನಿಜವಾದ ಮದ್ದು ಅಂತರ್ಜಾತಿ ವಿವಾಹ. ಅದಕ್ಕೂ ಮೊದಲು, ಶಾಸ್ತ್ರಗಳು ಪವಿತ್ರ ಎಂಬ ನಂಬಿಕೆ ಬೀಳಬೇಕು. ಮದುವೆಯಾದ ನನಗೆ ಈ ಮಾತಿನ ಕೊನೆಯ ಭಾಗ ಚೆನ್ನಾಗಿ ಅರ್ಥವಾಗುತ್ತದೆ. ನೋಂದಣಿ ಕಚೇರಿಯಲ್ಲಿ ಸಹಿ ಬೀಳಲು ಹತ್ತು ನಿಮಿಷ ಸಾಕು. ಮನಸ್ಸಿನೊಳಗಿನ ಶಾಸ್ತ್ರಕ್ಕೆ ಅಷ್ಟು ಸಾಲದು.

ಹಾಗಾದರೆ ಗೊತ್ತಿದ್ದೂ ಉಣ್ಣುವುದು ಎಂದರೆ ಹೇಗೆ? 1917ರಲ್ಲಿ ಕೇರಳದ ಚೆರಾಯಿಯಲ್ಲಿ ಈಳವ ಸಮುದಾಯದ ಸಹೋದರನ್ ಅಯ್ಯಪ್ಪನ್ ಅವರು ಪುಲಯರ ಜೊತೆ ಮಿಶ್ರಭೋಜನ ಮಾಡಿಸಿದರು. ಯಾರು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಗೊತ್ತಾಗಲಿ ಎಂದೇ ಮಾಡಿದ್ದು. ಉಂಡವರಿಗೆ ಬಹಿಷ್ಕಾರ ಬಿತ್ತು. ಅವರನ್ನು 'ಪುಲಯನ್ ಅಯ್ಯಪ್ಪನ್' ಎಂದು ಜನ ಹೀಯಾಳಿಸಿದರು, ಅವರು ಆ ಹೆಸರನ್ನು ಗೌರವ ಎಂದೇ ಹೊತ್ತರು.

ಅದಕ್ಕೂ ಬಹಳ ಹಿಂದೆ ವೈಶಾಲಿಯಲ್ಲಿ ನಗರವಧು ಆಮ್ರಪಾಲಿ ಭಗವಾನ್ ಬುದ್ಧರನ್ನು ಊಟಕ್ಕೆ ಕರೆದಳು. ಅವರು ಒಪ್ಪಿದರು. ಸುದ್ದಿ ತಿಳಿದ ಲಿಚ್ಛವಿ ರಾಜಕುಮಾರರು ಆ ಅವಕಾಶವನ್ನು ತಮಗೆ ಬಿಟ್ಟುಕೊಡಲು ಅವಳಿಗೆ ಲಕ್ಷ ಹಣ ಕೊಡುತ್ತೇವೆಂದರು. ಇಡೀ ವೈಶಾಲಿಯನ್ನೇ ಕೊಟ್ಟರೂ ಬಿಡುವುದಿಲ್ಲ ಎಂದಳು. ರಾಜಕುಮಾರರು ಬುದ್ಧರ ಬಳಿಗೇ ಹೋದರು. ಆಮ್ರಪಾಲಿಗೆ ಮಾತು ಕೊಟ್ಟಾಗಿದೆ ಎಂದರು ಬುದ್ಧರು. ಕರೆದವಳು ಯಾರೆಂದು ಅವರಿಗೆ ಗೊತ್ತಿತ್ತು, ಊರು ಅವಳನ್ನು ಏನೆನ್ನುತ್ತದೆ ಎಂದೂ ಗೊತ್ತಿತ್ತು. ಅವಳ ಮನೆಗೇ ಹೋಗಿ, ಅವಳು ಬಡಿಸಿದ್ದನ್ನು ಉಂಡರು.

ನಮ್ಮ ಬಳಗದ ಒಬ್ಬ ಅಕ್ಕ ಕೇಳಿದರು: "ಮನೆಯಲ್ಲಿ ನೀರು ಮುಟ್ಟದವರ ಜೊತೆ ಹೋಟೆಲಿಗೆ ಯಾಕೆ ಹೋಗುತ್ತೀ? ಅದು ಸ್ವಾಭಿಮಾನವೇ?" ನನ್ನ ಗಂಡ ಹೇಳುವುದು, "ಇಷ್ಟಾದರೂ ಬರುತ್ತಾರಲ್ಲ." ಎರಡೂ ಮಾತಿನಲ್ಲಿ ಸತ್ಯವಿದೆ. ನಾನು ಹೋಗುತ್ತೇನೆ. ಮೈತ್ರಿ ಎಂಬುದು ಎದುರಿನವರು ಬದಲಾಗುವವರೆಗೆ ಕಾಯುವ ಗುಣವಲ್ಲ. ಆದರೆ ಆ ಊಟವನ್ನು ಸಮಾನತೆ ಎಂದು ಕರೆಯುವುದಿಲ್ಲ. ಇರುವುದನ್ನು ಇರುವ ಹಾಗೆ ನೋಡುವುದು ಸಮ್ಯಕ್ ದೃಷ್ಟಿ, ಅದನ್ನು ಅದರ ಹೆಸರಿನಿಂದಲೇ ಕರೆಯುವುದು ಸಮ್ಯಕ್ ವಚನ. ಪ್ರತಿ ಸಲ ಕೈ ತೊಳೆದು ಎದ್ದಾಗ ಒಂದೇ ಮಾತು ಹೇಳುತ್ತೇನೆ: "ಮುಂದಿನ ಸಲ ನಮ್ಮ ಮನೆಯಲ್ಲಿ, ಅತ್ತೆ." ಅವರು ಉತ್ತರ ಕೊಡುವುದಿಲ್ಲ. ಸಿಟ್ಟಿಲ್ಲದೆ ಹೇಳುತ್ತೇನೆ, ಹೇಳುವುದನ್ನು ಬಿಡುವುದೂ ಇಲ್ಲ.

ಬಂಧುಗಳೇ, ಇಷ್ಟಕ್ಕೇ ನಿಲ್ಲಿಸಿದರೆ ಈ ಚಿಂತನೆ ಬೇರೆಯವರ ಬಗ್ಗೆ ಮಾತ್ರ ಆಗುತ್ತದೆ. ಜಾತಿ ಎಂಬುದು ಮೆಟ್ಟಿಲು ಮೆಟ್ಟಿಲಾದ ಅಸಮಾನತೆ ಎಂದು ಬಾಬಾಸಾಹೇಬರು ಕಲಿಸಿದ್ದಾರೆ, ಪ್ರತಿಯೊಬ್ಬರಿಗೂ ಕೆಳಗೆ ನೋಡಲು ಒಬ್ಬರು ಇರುತ್ತಾರೆ. ಮೊಗೇರ, ಮುಂಡಾಲ, ಆದಿದ್ರಾವಿಡ ಎಂಬ ಗೆರೆಗಳು ದೀಕ್ಷೆ ತೆಗೆದುಕೊಂಡ ದಿನವೇ ಅಳಿಸಿ ಹೋದವೇ? ನಮ್ಮ ಜಿಲ್ಲೆಯ ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ಕಾನೂನು ಮಾಡಿ ನಿಷೇಧಿಸಿದ್ದು 2000ದಲ್ಲಿ, ತೀರಾ ಇತ್ತೀಚೆಗೆ. ಕೊರಗರ ಮನೆಯ ಒಳಗೆ ಕೂತು ಅವರು ಬಡಿಸಿದ್ದನ್ನು ಉಂಡವರು ನಮ್ಮ ಬಳಗದಲ್ಲಿ ಎಷ್ಟು ಮಂದಿ?

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎರಡು ಒಂದರ ಪಕ್ಕ ಒಂದಿವೆ. ಎಲ್ಲ ಮನುಷ್ಯರೂ ಸಮಾನರೆಂದು ನಂಬುತ್ತೇನೆ ಎನ್ನುವುದು ಒಂದು, ಸಮಾನತೆಯನ್ನು ಸ್ಥಾಪಿಸಲು ಪ್ರಯತ್ನಿಸುತ್ತೇನೆ ಎನ್ನುವುದು ಇನ್ನೊಂದು. ನಂಬುವುದಕ್ಕೆ ಹೋಟೆಲಿನ ಬೆಂಚು ಸಾಕು. ಪ್ರಯತ್ನಕ್ಕೆ ಮನೆಯ ಬಾಗಿಲು ಬೇಕು.

ಇಂದಿನ ಅಭ್ಯಾಸ: ಈ ಒಂದು ವರ್ಷದಲ್ಲಿ ನಾವು ಯಾರ ಯಾರ ಮನೆಯಲ್ಲಿ ಉಂಡೆವು, ಯಾರು ಯಾರು ನಮ್ಮ ಮನೆಯಲ್ಲಿ ಉಂಡರು ಎಂದು ಒಂದು ಹಾಳೆಯಲ್ಲಿ ಬರೆಯೋಣ. ಹೆಸರುಗಳನ್ನು ಮತ್ತೊಮ್ಮೆ ಓದೋಣ. ಅದರಲ್ಲಿ ಇಲ್ಲದವರನ್ನು ಈ ಭಾನುವಾರ ಊಟಕ್ಕೆ ಕರೆಯೋಣ. ಅವರು ಕರೆದರೆ, ಒಪ್ಪತ್ತು ಎನ್ನದೆ ಹೋಗೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. ನಮೋ ಬುದ್ಧಾಯ. 🙏