ಮಾರುವವನ ಮೌನ

ವ್ಯಾಪಾರದಲ್ಲಿ ಸುಳ್ಳು ಹೇಳುವುದು ತಪ್ಪೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಕೊಳ್ಳುವವನು ಕೇಳದೇ ಇದ್ದುದನ್ನು ಹೇಳದೆ ಸುಮ್ಮನಿರುವುದೂ ತಪ್ಪೇ?

2022ರ ಸೆಪ್ಟೆಂಬರ್‌ನಲ್ಲಿ ಸುರಿದ ಮಳೆಗೆ ಬೆಂಗಳೂರಿನ ಶ್ರೀಮಂತ ಬಡಾವಣೆಗಳಲ್ಲಿ ದುಬಾರಿ ಕಾರುಗಳು ಮುಳುಗಿದ್ದನ್ನು ನಾವೆಲ್ಲ ಚಿತ್ರಗಳಲ್ಲಿ ನೋಡಿದ್ದೇವೆ. ಹಾಗೆ ಮುಳುಗಿದ ಕಾರನ್ನು ತೊಳೆದು, ಸೀಟಿನ ಹೊದಿಕೆ ಬದಲಿಸಿ, ಪಾಲಿಶ್ ಮಾಡಿದರೆ ಅದು ಮತ್ತೆ ಹೊಸದರಂತೆ ಹೊಳೆಯುತ್ತದೆ. ಆದರೆ ಇಂತಹ ಕಾರುಗಳ ಸೀಟಿನಡಿಯಲ್ಲಿ, ನೆಲಹಾಸಿನಡಿಯಲ್ಲಿ ವಯರುಗಳೂ ಇಲೆಕ್ಟ್ರಾನಿಕ್ ಭಾಗಗಳೂ ಇರುತ್ತವೆ. ಅಲ್ಲಿ ಹಿಡಿದ ತುಕ್ಕು ತಿಂಗಳುಗಳ ನಂತರ ತೊಂದರೆ ಕೊಡಬಹುದು. ಅಪಘಾತದ ವೇಳೆ ಏರ್‌ಬ್ಯಾಗ್ ತೆರೆಯದೇ ಇರಬಹುದು. ಮಾಲಕನೇ ನೇರವಾಗಿ ಮಾರುವಾಗ ಅವನಿಂದ ಕೊಳ್ಳುವವನಿಗೆ ಸಾಮಾನ್ಯವಾಗಿ ಯಾವ ವಾರಂಟಿಯೂ ಇರುವುದಿಲ್ಲ. ಮಾಲಕನ ಮಾತೇ ವಾರಂಟಿ. ಕೊಳ್ಳುವವನಾದರೋ ಅನೇಕ ವೇಳೆ ಹೊಸ ಕಾರಿನ ಬೆಲೆ ತೆರಲಾಗದೆ, ವರ್ಷಗಳ ಉಳಿತಾಯವನ್ನು ಒಟ್ಟುಗೂಡಿಸಿ ಬಂದವನು.

1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು ಇಲ್ಲಿ ಗಮನಾರ್ಹ. ಬರೇ ಮೌನವನ್ನು ಅದು ಸಾಮಾನ್ಯವಾಗಿ ವಂಚನೆಯೆನ್ನುವುದಿಲ್ಲ. ದೋಷವಿರುವ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಏನೂ ಹೇಳದಿದ್ದರೆ ಅದು ವಂಚನೆಯಲ್ಲವೆಂದು ಉದಾಹರಣೆಯನ್ನೂ ಕೊಡುತ್ತದೆ. ಆದರೆ ಮುಂದಿನ ಉದಾಹರಣೆಯಲ್ಲಿ, ಕೊಳ್ಳುವವಳು ಆಗಷ್ಟೇ ವಯಸ್ಕಳಾದ ಸ್ವಂತ ಮಗಳಾಗಿದ್ದರೆ ದೋಷವನ್ನು ಹೇಳುವುದು ಅವನ ಕರ್ತವ್ಯ ಎನ್ನುತ್ತದೆ. ಹಾಗಾದರೆ ಇತರರ ಮಕ್ಕಳ ವಿಷಯದಲ್ಲಿ ನಮ್ಮ ಮನಸ್ಸಾಕ್ಷಿ ಏನು ಹೇಳಬೇಕು?

ಪ್ರವಾದಿ ಮುಹಮ್ಮದ್‌(ಸ)ರವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಅವರು ಕೇಳಿದರು. ಮಳೆ ಬಂದುದು ವ್ಯಾಪಾರಿಯ ತಪ್ಪಲ್ಲ. ಒದ್ದೆಯನ್ನು ಅಡಿಯಲ್ಲಿ ಇಟ್ಟದ್ದು ಅವನ ತಪ್ಪು.

ಹಾಗೆಂದು ಮಾರುವವನು ಎಲ್ಲವನ್ನೂ ಹೇಳಬೇಕೆಂದಿಲ್ಲ. ಕಾರನ್ನು ಏಕೆ ಮಾರುತ್ತಿದ್ದೇನೆ, ಕನಿಷ್ಠ ಎಷ್ಟಕ್ಕೆ ಕೊಡಬಲ್ಲೆ ಎಂಬುದನ್ನು ಅವನು ತನ್ನಲ್ಲೇ ಇಟ್ಟುಕೊಳ್ಳಬಹುದು. ಚೌಕಾಸಿಯೂ ಅನ್ಯಾಯವಲ್ಲ. ಆದರೆ ತನಗೆ ಮಾತ್ರ ತಿಳಿದಿರುವ, ಕೊಳ್ಳುವವನ ಹಣಕ್ಕೋ ಜೀವಕ್ಕೋ ಹಾನಿ ತರುವ ದೋಷ ಅವನ ಖಾಸಗಿ ವಿಷಯವಲ್ಲ. ‘ಮೆಕ್ಯಾನಿಕ್‌ನನ್ನು ಕರೆತಂದು ನೋಡಿಕೊಳ್ಳಲಿ’ ಎಂಬ ವಾದವೂ ಇಲ್ಲಿ ಸಲ್ಲದು. ಮೆಕ್ಯಾನಿಕ್ ಕಾಣುವುದನ್ನು ನೋಡಬಲ್ಲ, ಮುಚ್ಚಿಟ್ಟದ್ದನ್ನಲ್ಲ.

ಸರ್ವಿಸ್ ದಾಖಲೆ ಮತ್ತು ವಿಮಾ ಪರಿಹಾರದ ಕಾಗದಗಳನ್ನು ಬೆಲೆಯ ಮಾತಿಗೆ ಮೊದಲೇ ಮುಂದಿಟ್ಟರೆ ಒಂದೆರಡು ಲಕ್ಷ ಕಡಿಮೆ ಸಿಗಬಹುದು. ಆ ನಷ್ಟ ಮಳೆ ತಂದದ್ದು, ನಮ್ಮ ಪಾಲಿಗೆ ಬಂದದ್ದು. ಅದನ್ನು ತಿಳಿಯದವನ ಮನೆಗೆ ದಾಟಿಸುವ ಹಕ್ಕು ನಮಗಿಲ್ಲ.