ಹರಕೆ ನೆನಪಿದೆ, ಮಗು ನೆನಪಿದೆಯೇ?



ಚಾಮುಂಡಿ ಬೆಟ್ಟಕ್ಕೆ ಬಸ್ಸಿನಲ್ಲಿ ಬರುವವರೂ ಉಂಟು, ಮೆಟ್ಟಿಲು ಹತ್ತಿ ಬರುವವರೂ ಉಂಟು. ಸುಮಾರು ಸಾವಿರ ಮೆಟ್ಟಿಲುಗಳ ಈ ದಾರಿ 17ನೇ ಶತಮಾನದಲ್ಲಿ ಮೈಸೂರನ್ನು ಆಳಿದ ದೊಡ್ಡದೇವರಾಜ ಒಡೆಯರ ಕಾಲದ್ದು. ದಾರಿಯಲ್ಲಿ ದರ್ಶನ ಕೊಡುವ ದೊಡ್ಡ ನಂದಿಯೂ ಅದೇ ಅರಸರ ಸೇವೆ. ಆಷಾಢ ಶುಕ್ರವಾರ ಬಂತೆಂದರೆ ಹೆಣ್ಣುಮಕ್ಕಳು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ, ಬಗ್ಗಿ ಬಗ್ಗಿ ಮೇಲೇರುತ್ತಾರೆ. ಅವುಗಳಲ್ಲಿ ಎಷ್ಟೋ ಹರಕೆಗಳು ಮಕ್ಕಳಿಗಾಗಿಯೇ ಹೊತ್ತವು.

ಅಂಥ ಒಬ್ಬ ತಾಯಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಗನಿಗೆ ಜ್ವರ ಬಿಡದೆ ಇದ್ದಾಗ ಹರಕೆ ಹೊತ್ತಿದ್ದಾಳೆ. ಈಗ ಮಗ ಗುಣವಾಗಿ ಜೊತೆಯಲ್ಲೇ ಬಂದಿದ್ದಾನೆ. ಅವಳ ಗಮನವೆಲ್ಲ ಮೆಟ್ಟಿಲ ಮೇಲೆ. ಒಂದೂ ತಪ್ಪಬಾರದು. ಹುಡುಗ "ಅಮ್ಮಾ ನೀರು" ಅಂತಾನೆ, ಕಿವಿಗೆ ಬೀಳಲ್ಲ. "ಅಮ್ಮಾ ಕಾಲು ನೋಯ್ತಿದೆ" ಅಂತಾನೆ, "ಸುಮ್ನೆ ಬಾ" ಅಂತಾಳೆ. ಕೊನೆಗೆ ಅವನ ಕೈ ತಾಗಿ ಕುಂಕುಮದ ಬಟ್ಟಲು ಚೆಲ್ಲುತ್ತದೆ. ಅವಳ ಸಿಟ್ಟು ನೆತ್ತಿಗೇರಿ ಮಗನ ಬೆನ್ನಿಗೆ ಒಂದು ಏಟು ಬೀಳುತ್ತದೆ. ಹಿಂದಿನಿಂದ ಬರುತ್ತಿದ್ದ ಮುದುಕಿಯೊಬ್ಬಳು ನಿಂತು ಕೇಳುತ್ತಾಳೆ:

"ಯಾರಿಗೋಸ್ಕರ ಹತ್ತುತಾ ಇದ್ದೀಯವ್ವಾ?"

"ಇವನಿಗೋಸ್ಕರಾನೇ ಅಜ್ಜಿ."

"ಮತ್ತೆ ಅವನನ್ನೇ ಅಳಿಸ್ಕೊಂಡು ಹತ್ತುತೀಯಲ್ಲಾ ಮಗಾ!"

ಆ ತಾಯಿ ಕೆಟ್ಟವಳಲ್ಲ. ಅವಳಿಗೆ ಹರಕೆ ನೆನಪಿತ್ತು, ಯಾರಿಗಾಗಿ ಹರಕೆ ಅನ್ನುವುದು ಆ ಒಂದು ಗಳಿಗೆ ಮರೆತಿತ್ತು. ಮನೆ ಮನೆಯಲ್ಲೂ ನಡೆಯುವುದು ಇದೇ ಅಲ್ಲವೇ? ಮಕ್ಕಳಿಗಾಗಿ ದುಡಿಯುತ್ತೇವೆ ಅನ್ನುವ ತಂದೆ ಮಗಳ ಜೊತೆ ಕೂತು ಊಟ ಮಾಡುವುದನ್ನು ಮರೆಯುತ್ತಾನೆ. ಫೀಸು ಕಟ್ಟುವ ತಾರೀಕು ಮರೆಯದ ತಾಯಿ, "ಭಾನುವಾರ ಕರ್ಕೊಂಡು ಹೋಗ್ತೀನಿ" ಅಂದ ಮಾತನ್ನು ಮರೆಯುತ್ತಾಳೆ. ದೊಡ್ಡವರಿಗೆ ಅದು ಸಣ್ಣ ಮಾತು. ಮಗು ಮಾತ್ರ ಭಾನುವಾರದವರೆಗೂ ಬೆರಳು ಮಡಿಸಿ ದಿನ ಎಣಿಸುತ್ತಿರುತ್ತದೆ.

ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಶ್ರೀಕೃಷ್ಣ ಪರಮಾತ್ಮ ಈ ಮರೆವಿನ ಮೂಲವನ್ನು ತಿಳಿಸಿದ್ದಾನೆ. ಕೋಪದಿಂದ ಮೋಹ, ಮೋಹದಿಂದ ನೆನಪಿನ ನಾಶ, ನೆನಪು ಕೆಟ್ಟರೆ ಬುದ್ಧಿಯ ನಾಶ. ಸಿಟ್ಟು ಬಂದಾಗ ಮೊದಲು ಹೋಗುವುದೇ ನೆನಪು. ಎದುರಿಗೆ ನಿಂತಿರುವುದು ಎಂಟು ವರ್ಷದ ಕೂಸು, ಇದಕ್ಕಾಗಿಯೇ ದೇವರಿಗೆ ಕೈ ಮುಗಿದಿದ್ದೆವು ಅನ್ನುವುದು ಆಗ ಹೊಳೆಯುವುದಿಲ್ಲ.

ಇನ್ನು ಈ ಬೆಟ್ಟದ ತಾಯಿಯ ಮಹಿಮೆಯನ್ನು ನೋಡಿ. ದೇವೀಮಾಹಾತ್ಮ್ಯದ ನಾಲ್ಕನೆಯ ಅಧ್ಯಾಯದಲ್ಲಿ, ಮಹಿಷಾಸುರನ ಸಂಹಾರವಾದ ಮೇಲೆ ದೇವತೆಗಳು ಬೇಡುತ್ತಾರೆ: ಕಷ್ಟದಲ್ಲಿ ನೆನೆದಾಗ ಬಂದು ಕಾಪಾಡಮ್ಮಾ ಎಂದು. ತಾಯಿ ಹಾಗೇ ಆಗಲಿ ಅನ್ನುತ್ತಾಳೆ. ಐದನೆಯ ಅಧ್ಯಾಯದಲ್ಲಿ ಶುಂಭ ನಿಶುಂಭರಿಂದ ಸೋತು ಸ್ಥಾನ ಕಳೆದುಕೊಂಡ ದೇವತೆಗಳು ಆ ಮಾತನ್ನು ನೆನೆದು, ಹಿಮವಂತನ ಬಳಿಗೆ ಹೋಗಿ ಸ್ತುತಿಸುತ್ತಾರೆ. ತಾಯಿ ಕೊಟ್ಟ ಮಾತು ಮರೆಯಲಿಲ್ಲ, ಬಂದಳು. ತಾಯಿತನ ಅಂದರೆ ಇದೇ. ಮಕ್ಕಳು ಕೂಗಿದಾಗ, ಕೊಟ್ಟ ಮಾತು ನೆನಪಿರಬೇಕು.

ಆ ಸ್ತುತಿಯಲ್ಲಿ ದೇವತೆಗಳು ಎಲ್ಲ ಜೀವಿಗಳಲ್ಲೂ ಇರುವ ದೇವಿಯ ರೂಪಗಳನ್ನು ಒಂದೊಂದಾಗಿ ನಮಸ್ಕರಿಸುತ್ತಾರೆ. ನೆನಪಿನ ರೂಪದಲ್ಲಿ ಇರುವವಳು ಎಂದ ಮೇಲೆ ಬರುವುದೇ ದಯೆಯ ರೂಪ. ಆಮೇಲೆ ತೃಪ್ತಿಯ ರೂಪ, ಆಮೇಲೆ ತಾಯಿಯ ರೂಪ. ಅದರ ಬೆನ್ನಿಗೇ ಭ್ರಾಂತಿಯ ರೂಪ. ತಪ್ಪು ತಿಳಿವಳಿಕೆ, ಎಡವುವುದು, ಇವೂ ತಾಯಿಯ ಹೊರಗಿಲ್ಲ. ಆದ್ದರಿಂದ ಮರೆತೆನಲ್ಲಾ, ಹೊಡೆದೆನಲ್ಲಾ ಎಂದು ಕೊರಗುತ್ತಾ ಕೂರಬೇಕಾಗಿಲ್ಲ. ನೆನಪಾದ ಕೂಡಲೇ ದಯೆಯ ಕಡೆಗೆ ಒಂದು ಹೆಜ್ಜೆ ಇಟ್ಟರಾಯಿತು. ಮಗುವಿನ ಹತ್ತಿರ "ಮರೆತುಬಿಟ್ಟೆ ಕಂದಾ, ತಪ್ಪಾಯ್ತು" ಅನ್ನುವುದರಿಂದ ಯಾವ ತಂದೆತಾಯಿಯ ದೊಡ್ಡಸ್ತಿಕೆಯೂ ಕಡಿಮೆಯಾಗುವುದಿಲ್ಲ.

ಮರೆವೂ ಒಂದು ವರವೇ, ಸರಿಯಾದ ಕಡೆ ಬಳಸಿದರೆ. ಮಗು ಹೋದ ವರ್ಷ ಒಡೆದ ಲೋಟವನ್ನು, ಕಡಿಮೆ ತೆಗೆದ ಅಂಕವನ್ನು ಮರೆತುಬಿಡಿ. ನೆಂಟರ ಮುಂದೆ ಮತ್ತೆ ಮತ್ತೆ ಎತ್ತಿ ಆಡಬೇಡಿ. ಅದಕ್ಕೆ ಕೊಟ್ಟ ಮಾತನ್ನು ಮಾತ್ರ ಹರಕೆಯ ಹಾಗೆ ಮುಡಿಪು ಕಟ್ಟಿಡಿ. ಈಡೇರಿಸಲು ಆಗದ ಮಾತನ್ನು ಕೊಡಲೇಬೇಡಿ. ಇಂದು ಕೂಗಿದಾಗ ಓಗೊಟ್ಟ ತಂದೆತಾಯಿಯನ್ನು, ನಾಳೆ ಅವರಿಗೆ ವಯಸ್ಸಾಗಿ ಕೇಳಿದ್ದನ್ನೇ ಕೇಳುವ ಮರೆವು ಬಂದಾಗ, ಮಕ್ಕಳೂ ಬೇಸರವಿಲ್ಲದೆ ನೋಡಿಕೊಳ್ಳುವುದನ್ನು ಕಲಿತಿರುತ್ತಾರೆ.

ಆ ತಾಯಿ ಮುಂದೇನು ಮಾಡಿದಳು? ಬಟ್ಟಲು ಕೆಳಗಿಟ್ಟಳು. ಮಗನಿಗೆ ನೀರು ಕುಡಿಸಿದಳು. ಉಳಿದ ಕುಂಕುಮವನ್ನು ಅವನ ಕೈಗೇ ಕೊಟ್ಟಳು. ಅಲ್ಲಿಂದ ಮೇಲಿನ ಮೆಟ್ಟಿಲುಗಳಿಗೆ ಅವನೇ ಹಚ್ಚಿದ, ಕೆಲವಕ್ಕೆ ಸೊಟ್ಟಗೆ, ಕೆಲವಕ್ಕೆ ಎರಡು ಸಲ. ಹರಕೆ ಪೂರ್ತಿಯಾಯಿತು.

ಇಂದು ದರ್ಶನ ಮುಗಿಸಿ ಇಳಿಯುವಾಗ ಮಗುವಿನ ಕೈ ಹಿಡಿದುಕೊಳ್ಳಿ. ಅದು ಏನಾದರೂ ಕೇಳಿದರೆ ನಿಂತು ಕೇಳಿಸಿಕೊಳ್ಳಿ. ತಾಯಿ ಚಾಮುಂಡೇಶ್ವರಿ ಎಲ್ಲರಿಗೂ ಬೇಕಾದಷ್ಟು ನೆನಪನ್ನೂ, ಬೇಕಾದಷ್ಟು ಮರೆವನ್ನೂ ಕರುಣಿಸಲಿ.

ಸರ್ವೇ ಜನಾಃ ಸುಖಿನೋ ಭವಂತು.