‘ಸಾರಿ’ ಎಂಬ ಮಾತು

ಇಂಗ್ಲಿಷಿನಿಂದ ನಾವು ಪಡೆದ ಮಾತುಗಳಲ್ಲಿ ‘ಸಾರಿ’ಯಷ್ಟು ಸಲೀಸಾಗಿ ನಾಲಿಗೆಗೆ ಬರುವಂಥವು ಕಡಮೆ. ಬಸ್ಸಿನಲ್ಲಿ ಕಾಲು ತುಳಿದವನೂ ‘ಸಾರಿ’ ಎನ್ನುತ್ತಾನೆ, ಕೊಟ್ಟ ಮಾತಿಗೆ ತಪ್ಪಿದವನೂ ‘ಸಾರಿ’ ಎನ್ನುತ್ತಾನೆ. ಸಾವಿನ ಮನೆಯಲ್ಲಿಯೂ ಅದೇ ಮಾತು. ಎದುರಿನವರು ಹೇಳಿದ್ದು ಕೇಳಿಸದಿದ್ದರೂ ಅದೇ ಮಾತು, ಕೊನೆಗೊಂದು ಪ್ರಶ್ನೆಯ ರಾಗದೊಡನೆ.

ದುಃಖವೆಂಬ ಅರ್ಥದ ‘ಸಾರೋ’ ಎಂಬ ಪದಕ್ಕೆ ಇದು ಒಡಹುಟ್ಟೆಂದು ಯಾರಿಗಾದರೂ ತೋರೀತು. ಆದರೆ ಹುಟ್ಟಿನಲ್ಲಿ ಇವೆರಡಕ್ಕೂ ನಂಟಿಲ್ಲ. ‘ಸಾರಿ’ ಬಂದದ್ದು ಹಳೆಯ ಇಂಗ್ಲಿಷಿನಲ್ಲಿ ನೋವು, ಹುಣ್ಣು ಎಂಬ ಅರ್ಥವಿದ್ದ ‘ಸಾರ್’ನಿಂದ. ‘ಸಾರಿ’ ಎಂದವನು ಮೂಲತಃ ತನಗೆ ನೋವಾಗಿದೆ ಎನ್ನುತ್ತಿದ್ದನು, ಅಷ್ಟೆ. ಇನ್ನು ‘ಅಪಾಲಜಿ’ ಎಂಬುದರ ಕಥೆ ಮತ್ತೂ ಸ್ವಾರಸ್ಯವಾದದ್ದು. ಗ್ರೀಕರಲ್ಲಿ ಅದಕ್ಕೆ ನ್ಯಾಯಸ್ಥಾನದಲ್ಲಿ ಮಾಡುವ ಪ್ರತಿವಾದವೆಂದು ಅರ್ಥ. ಕ್ರಿ. ಪೂ. 399ರಲ್ಲಿ ಅಥೆನ್ಸಿನ ನ್ಯಾಯಾಧಿಪತಿಗಳೆದುರು ಸಾಕ್ರೆಟೀಸನು ಮಾಡಿದ ವಾದವನ್ನು ಪ್ಲೇಟೋ ನಿರೂಪಿಸಿದ ಗ್ರಂಥಕ್ಕೆ ಅದೇ ಹೆಸರು. ಅಲ್ಲಿ ಸಾಕ್ರೆಟೀಸನು ತಪ್ಪೊಪ್ಪಿಕೊಳ್ಳುವುದೂ ಇಲ್ಲ, ದಯೆ ಬೇಡುವುದೂ ಇಲ್ಲ.

ಹೀಗೆ ಒಂದು ಮಾತು ಸ್ವಂತ ನೋವನ್ನೂ ಇನ್ನೊಂದು ಸ್ವಂತ ಸಮರ್ಥನೆಯನ್ನೂ ಹೇಳುತ್ತಿತ್ತು. ತಪ್ಪು ತನ್ನದೆಂಬ ಒಪ್ಪಿಗೆ ಎರಡರ ಬೇರಿನಲ್ಲಿಯೂ ಇಲ್ಲ. ಈ ಕೊರತೆ ಬರಿಯ ಶಬ್ದಶಾಸ್ತ್ರದ ವಿಷಯವಲ್ಲ.

ಆಸ್ಟ್ರೇಲಿಯದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ತಾಯಿತಂದೆಯರಿಂದ ಬಿಡಿಸಿ ಒಯ್ಯುವ ಪದ್ಧತಿ ದಶಕಗಳ ಕಾಲ ನಡೆಯಿತು. 1997ರ ವಿಚಾರಣಾ ವರದಿಯೊಂದು ಇದಕ್ಕಾಗಿ ಕ್ಷಮೆ ಕೇಳಬೇಕೆಂದು ಹೇಳಿತು. 1999ರಲ್ಲಿ ಪ್ರಧಾನಿ ಜಾನ್ ಹೋವರ್ಡ್ ಪಾರ್ಲಿಮೆಂಟಿನಲ್ಲಿ ಆಳವಾದ ವಿಷಾದವನ್ನು ಸೂಚಿಸಿದರು. ‘ಸಾರಿ’ ಎನ್ನಲು ಮಾತ್ರ ಒಪ್ಪಲಿಲ್ಲ. ಹಿಂದಿನವರು ಮಾಡಿದ್ದಕ್ಕೆ ಇಂದಿನವರು ಹೊಣೆಯಲ್ಲವೆಂಬುದು ಅವರ ವಾದ. 2008ರ ಫೆಬ್ರವರಿ 13ರಂದು ಕೆವಿನ್ ರಡ್ ಆ ಮಾತನ್ನು ಆಡಿದರು. ಅದರ ತೂಕ ಬರಿಯ ಆ ಪದದಲ್ಲಿರಲಿಲ್ಲ. ಹಿಂದಿನ ಪಾರ್ಲಿಮೆಂಟುಗಳ, ಸರ್ಕಾರಗಳ ಕಾನೂನುಗಳೇ ಈ ನೋವಿಗೆ ಕಾರಣವೆಂದು ಅವರು ಹೆಸರಿಟ್ಟು ಹೇಳಿದ್ದರು.

ಕೆನಡಾದ ಒಂಟಾರಿಯೊ ಪ್ರಾಂತದ 2009ರ ಕಾನೂನು ಇನ್ನೊಂದು ದಾರಿ ಹಿಡಿಯಿತು. ಅದರಂತೆ, ಕ್ಷಮೆ ಕೇಳಿದ ಮಾತ್ರಕ್ಕೆ ಸಿವಿಲ್ ವ್ಯಾಜ್ಯದಲ್ಲಿ ತಪ್ಪೊಪ್ಪಿದಂತಾಗುವುದಿಲ್ಲ. ಇದರಿಂದ ಉಪಕಾರವಿಲ್ಲದೆ ಇಲ್ಲ: ದಾವೆಗೆ ಹೆದರಿ ಬಾಯಿ ಮುಚ್ಚಿಕೊಂಡಿರುವ ವೈದ್ಯನು ರೋಗಿಯ ಮನೆಯವರೊಡನೆ ಮನುಷ್ಯನಾಗಿ ಎರಡು ಮಾತಾಡಬಹುದು. ಆದರೆ ನೊಂದವರಿಗೆ ತಿಳಿಯಬೇಕಾದದ್ದು ಇನ್ನೊಂದಿದೆ: ಇದನ್ನು ಮಾಡಿದವರು ಯಾರು?

ಇಂಗ್ಲಿಷನ್ನು ಹಳಿದು ನಾವು ಪಾರಾಗುವಂತಿಲ್ಲ. ‘ತಪ್ಪಾಯಿತು’ ಎಂಬ ನಮ್ಮ ಮಾತನ್ನೇ ನೋಡಿ. ಅದರಲ್ಲಿ ಕರ್ತೃವೇ ಇಲ್ಲ. ಮಳೆಯಾಯಿತು, ಬೆಳಗಾಯಿತು ಎಂಬಂತೆ ತಪ್ಪೂ ತಾನಾಗಿ ಆಗಿಹೋಯಿತು! ‘ತಪ್ಪು ಮಾಡಿದೆ’ ಎನ್ನುವುದಕ್ಕೆ ಎಂಥ ಕನ್ನಡಿಗನಿಗೂ ನಾಲಿಗೆ ಒಂದಿಷ್ಟು ತಡೆಯುತ್ತದೆ.

‘ಕ್ಷಮೆ’ ಎಂಬ ಸಂಸ್ಕೃತ ಶಬ್ದದ ಧಾತುವಿಗೆ ಸಹಿಸು, ತಾಳು ಎಂದರ್ಥ. ಭೂಮಿಗೂ ಕ್ಷಮೆಯೆಂಬ ಹೆಸರುಂಟು. ಕ್ಷಮೆ ಕೇಳುವುದೆಂದರೆ, ನಾವು ಹೊರಿಸಿದ ಭಾರವನ್ನು ತಾಳಿಕೊಳ್ಳಿರೆಂದು ನೊಂದವರನ್ನೇ ಬೇಡುವುದು. ಇಷ್ಟು ದೊಡ್ಡದನ್ನು ಕೇಳುವವನು ಆ ಭಾರ ಹೊರಿಸಿದವನು ತಾನೇ ಎಂದು ಮೊದಲು ಹೇಳುವುದು ನ್ಯಾಯವಲ್ಲವೆ? ಅದಾದ ಮೇಲೆ ‘ಸಾರಿ’ ಎಂದರೂ ಸರಿಯೆ, ‘ಕ್ಷಮಿಸಿ’ ಎಂದರೂ ಸರಿಯೆ.